ಚಾಂಪಿಯನ್‌ನನ್ನು ಕಾಡಿದ ಎರಡಡಿ ದೂರ

1920ರ ಆಗಸ್ಟ್ 13. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿರುವ ಇನ್‌ವರ್ನೆಸ್ ಕ್ಲಬ್‌ನ ಗಾಲ್ಫ್ ಮೈದಾನದಲ್ಲಿ ಐವತ್ತು ವರ್ಷದ ಬ್ರಿಟಿಷ್ ಆಟಗಾರರೊಬ್ಬರು ಹನ್ನೆರಡನೇ ಹೋಲ್‌ನತ್ತ ನಡೆಯುತ್ತಿದ್ದರು. ಅಮೆರಿಕನ್ ಓಪನ್ ಮುಗಿಯಲು ಇನ್ನು ಉಳಿದಿದ್ದುದು ಏಳು ಹೋಲ್‌ಗಳು ಮಾತ್ರ. ಸಮೀಪದ ಪ್ರತಿಸ್ಪರ್ಧಿಗೂ ಅವರಿಗೂ ನಾಲ್ಕೈದು ಹೊಡೆತಗಳ ಅಂತರವಿತ್ತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶಸ್ತಿಯನ್ನು ಗೆದ್ದಿದ್ದ ಈ ಹಿರಿಯರು ಅದನ್ನು ಮತ್ತೊಮ್ಮೆ ಒಯ್ಯುವುದು ಬಹುತೇಕ ಖಚಿತವೆಂದು ನೆರೆದಿದ್ದವರು ಭಾವಿಸಿದ್ದರು. ಆಗ ಈರಿ ಸರೋವರದ ಕಡೆಯಿಂದ ಬಿರುಗಾಳಿ ಎದ್ದಿತು.

ಆ ಆಟಗಾರರ ಹೆಸರು ಹ್ಯಾರಿ ವಾರ್ಡನ್. ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಆರು ಬಾರಿ ಗೆದ್ದವರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಆ ದಾಖಲೆಯನ್ನು ಈವರೆಗೆ ಯಾರೂ ಸರಿಗಟ್ಟಿಲ್ಲ. ಆದರೆ ಅವರ ಬದುಕನ್ನು ಆರು ಗೆಲುವುಗಳ ಪಟ್ಟಿಯಾಗಿ ಓದಿದರೆ ಅರ್ಧ ಮಾತ್ರ ಓದಿದಂತಾಗುತ್ತದೆ. ಉಳಿದರ್ಧ ಇರುವುದು ಕುಳಿಯಿಂದ ಎರಡಡಿ ದೂರದಲ್ಲಿ ನಿಂತ ಚೆಂಡಿನಲ್ಲಿ ಮತ್ತು ಅದರ ಮುಂದೆ ಬೆಚ್ಚುತ್ತಿದ್ದ ಅವರ ಬಲಗೈಯಲ್ಲಿ.

ಗಾಲ್ಫ್ ನಮ್ಮ ಮಧ್ಯಮ ವರ್ಗದ ಪಾಲಿಗೆ ಇಂದಿಗೂ ಬೇಲಿಯಾಚೆಯ ಆಟ. ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ ಸ್ಥಾಪನೆಯಾಗಿದ್ದರೂ ಸ್ಯಾಂಕಿ ರಸ್ತೆಯಲ್ಲಿ ಓಡಾಡುವ ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಹೊರಗಿನಿಂದ ಕಾಣುವಷ್ಟು ಹಸಿರನ್ನು ಮಾತ್ರ. ಹಾಗಾಗಿ ಆಟದ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಒಂದು ಸುತ್ತಿಗೆ ಹದಿನೆಂಟು ಹೋಲ್. ದೊಡ್ಡ ಟೂರ್ನಿಗಳಲ್ಲಿ ನಾಲ್ಕು ಸುತ್ತು. ಎಲ್ಲವನ್ನೂ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜೇತ. ಇನ್ನೂರು ಗಜ ದೂರಕ್ಕೆ ಚೆಂಡನ್ನು ಚಿಮ್ಮಿಸುವ ಹೊಡೆತಕ್ಕೂ, ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲೆ ಅದನ್ನು ಒಂದು ಮೊಳ ಉರುಳಿಸುವ ‘ಪಟ್’ಗೂ ಲೆಕ್ಕದಲ್ಲಿ ಒಂದೇ ಬೆಲೆ. ಆಟದ ಸೌಂದರ್ಯವೆಲ್ಲ ಮೊದಲನೆಯದರಲ್ಲಿದೆ, ಕ್ರೌರ್ಯವೆಲ್ಲ ಎರಡನೆಯದರಲ್ಲಿ. ವಾರ್ಡನ್ ಮೊದಲನೆಯದರಲ್ಲಿ ತಮ್ಮ ಕಾಲದ ಎಲ್ಲರನ್ನೂ ಮೀರಿಸಿದವರು.

ಅವರು ಹುಟ್ಟಿದ್ದು 1870ರ ಮೇ 9ರಂದು, ಜರ್ಸಿ ದ್ವೀಪದ ಗ್ರೂವಿಲ್ ಎಂಬ ಹಳ್ಳಿಯಲ್ಲಿ. ಬ್ರಿಟಿಷ್ ಸಿಂಹಾಸನಕ್ಕೆ ಸೇರಿದ್ದರೂ ಈ ದ್ವೀಪ ಇರುವುದು ಫ್ರಾನ್ಸ್‌ನ ಕರಾವಳಿಯ ಮಗ್ಗುಲಲ್ಲಿ. ತಂದೆ ತೋಟದ ಮಾಲಿ. ಆರು ಗಂಡು, ಎರಡು ಹೆಣ್ಣು ಮಕ್ಕಳ ದೊಡ್ಡ ಸಂಸಾರ. ಹ್ಯಾರಿಗೆ ಏಳೆಂಟು ವರ್ಷವಾಗಿದ್ದಾಗ ಕೆಲವು ಆಂಗ್ಲ ಸಾಹೇಬರು ಬಂದು ಸಮುದ್ರ ತೀರದ ಊರ ಗೋಮಾಳದಂಥ ನೆಲದಲ್ಲಿ ಗಾಲ್ಫ್ ಮೈದಾನವನ್ನು ಗುರುತು ಹಾಕಿದರು. 1878ರಲ್ಲಿ ಅಲ್ಲಿ ಕ್ಲಬ್ ಆರಂಭವಾಯಿತು. ತಮ್ಮ ನೆಲಕ್ಕೆ ಬಂದ ಈ ಹೊಸಬರನ್ನು ಊರವರು ಮೊದಲು ಅಸಮಾಧಾನದಿಂದಲೇ ನೋಡಿದರು. ಮಕ್ಕಳು ಮಾತ್ರ ಸಾಹೇಬರ ಚೀಲ ಹೊರುವ ಕ್ಯಾಡಿಗಳಾದರು. ಆಟವನ್ನು ಕಣ್ಣಿನಲ್ಲೇ ಕಲಿತರು. ಮರದ ಕೊಂಬೆಯನ್ನು ಕೆತ್ತಿ ಕೋಲು ಮಾಡಿಕೊಂಡು, ಗೋಲಿಯನ್ನೇ ಚೆಂಡಾಗಿಸಿ, ತಮ್ಮದೇ ಪುಟ್ಟ ಮೈದಾನ ರಚಿಸಿಕೊಂಡು ಬೆಳುದಿಂಗಳಿನಲ್ಲೂ ಆಡುತ್ತಿದ್ದರು. ಗೋಲಿಯನ್ನು ಸಣ್ಣ ಗುಳಿಗೆ ಬೀಳಿಸುವ ಆಟವನ್ನು ನಮ್ಮ ಹಳ್ಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲವಷ್ಟೆ. ಗ್ರೂವಿಲ್‌ನ ಮಕ್ಕಳು ಅದಕ್ಕೊಂದು ಕೋಲು ಸೇರಿಸಿಕೊಂಡಿದ್ದರು.

ಶಾಲೆ ಬೇಗನೆ ನಿಂತಿತು. ಹದಿಮೂರರ ಆಸುಪಾಸಿಗೇ ಹ್ಯಾರಿ ಮನೆಗೆಲಸಕ್ಕೆ ಸೇರಿ, ನಂತರ ತಂದೆಯಂತೆಯೇ ಮಾಲಿಯಾದರು. ಗಾಲ್ಫ್ ಅವರ ವೃತ್ತಿಯಾಗಲಿಕ್ಕೆ ಕಾರಣ ತಮ್ಮ ಟಾಮ್. ಇಂಗ್ಲೆಂಡಿಗೆ ಹೋಗಿ ವೃತ್ತಿಪರನಾಗಿದ್ದ ಟಾಮ್ ಒಂದು ಸ್ಪರ್ಧೆಯಲ್ಲಿ ಬಹುಮಾನದ ಹಣ ಗೆದ್ದ ಸುದ್ದಿ ಮನೆಗೆ ತಲುಪಿತು. ತಮ್ಮನಿಗಿಂತ ತಾನೇನೂ ಕಡಿಮೆ ಆಡುವುದಿಲ್ಲವೆಂದು ಅಣ್ಣನಿಗೆ ಅನ್ನಿಸಿತು. 1890ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಹ್ಯಾರಿ ಯಾರ್ಕ್‌ಷೈರ್‌ನ ಸ್ಟಡ್ಲಿ ರಾಯಲ್‌ಗೆ ಬಂದರು. ಅಲ್ಲಿಂದ ಬರಿಗೆ, 1896ರಲ್ಲಿ ಗ್ಯಾಂಟನ್‌ಗೆ.

ಅಂದಿನ ಗಾಲ್ಫ್ ವೃತ್ತಿಪರ ಆಟಗಾರನನ್ನು ಇಂದಿನ ಕೋಟ್ಯಧಿಪತಿಗಳೊಂದಿಗೆ ಹೋಲಿಸಲಾಗದು. ಅವನು ಕ್ಲಬ್‌ನ ಸೇವಕ. ಸದಸ್ಯರಿಗೆ ಕಲಿಸಬೇಕು, ಕೋಲುಗಳನ್ನು ರಿಪೇರಿ ಮಾಡಬೇಕು, ಎಷ್ಟೋ ಕಡೆ ಹುಲ್ಲನ್ನೂ ನೋಡಿಕೊಳ್ಳಬೇಕು. ಆತ ಚಾಂಪಿಯನ್ನೇ ಆಗಿದ್ದರೂ ಕ್ಲಬ್ ಕಟ್ಟಡದ ಮುಂಬಾಗಿಲು ಅವನದಾಗಿರಲಿಲ್ಲ. ಸಾಹೇಬರು ಹವ್ಯಾಸಕ್ಕಾಗಿ ಆಡುತ್ತಿದ್ದರು, ಇವನು ಹೊಟ್ಟೆಪಾಡಿಗಾಗಿ. ಗೌರವವೆಲ್ಲ ಹವ್ಯಾಸದ ಪಾಲಾಗಿತ್ತು. ಒತ್ತಡದ ಬಗ್ಗೆ ಮಾತನಾಡುವಾಗ ಇದನ್ನು ಮರೆಯಬಾರದು. ಸೋತರೆ ಮಾನ ಮಾತ್ರವಲ್ಲ, ಮುಂದಿನ ಒಪ್ಪಂದ, ಪ್ರದರ್ಶನ ಪಂದ್ಯಗಳ ಸಂಭಾವನೆ ಎಲ್ಲವೂ ಅಲುಗಾಡುತ್ತಿದ್ದವು.

ಅವರ ಮೊದಲ ಬ್ರಿಟಿಷ್ ಓಪನ್ ಗೆಲುವೇ ಸ್ಥಿರಚಿತ್ತಕ್ಕೆ ಒಂದು ಪಾಠ. 1896ರಲ್ಲಿ ಸ್ಕಾಟ್ಲೆಂಡ್‌ನ ಮ್ಯೂರ್‌ಫೀಲ್ಡ್‌ನಲ್ಲಿ ಹಿಂದಿನ ಎರಡು ವರ್ಷಗಳ ಚಾಂಪಿಯನ್ ಜೆ.ಎಚ್. ಟೇಲರ್ 316 ಹೊಡೆತಗಳಲ್ಲಿ ಆಟ ಮುಗಿಸಿ ಕುಳಿತಿದ್ದರು. ಕೊನೆಯ ಹೋಲ್‌ನಲ್ಲಿ ವಾರ್ಡನ್ ನಾಲ್ಕು ಹೊಡೆದರೆ ಗೆಲುವು, ಐದು ಹೊಡೆದರೆ ಸಮ. ಗ್ರೀನ್‌ನ ಮುಂದೆ ಆಳವಾದ ಮರಳಗುಂಡಿ. ಅದನ್ನು ಹಾರಿಸಿ ಹೊಡೆಯುವ ಆಸೆ ಯಾರಿಗಾದರೂ ಹುಟ್ಟುವಂಥದ್ದು. ಗುಂಡಿಗೆ ಬಿದ್ದರೆ ಎಲ್ಲವೂ ಮುಗಿಯಿತು. ಗುಂಪಿನಲ್ಲಿದ್ದ ಗೆಳೆಯನೊಬ್ಬ ಗುಂಡಿಗೆ ಈಚೆಯೇ ಆಡುವಂತೆ ಸನ್ನೆ ಮಾಡಿದನಂತೆ. ಇಪ್ಪತ್ತಾರರ ವಾರ್ಡನ್ ಆಸೆಯನ್ನು ಬದಿಗಿಟ್ಟು, ಈಚೆಗೆ ಆಡಿ, ಐದರಲ್ಲಿ ಮುಗಿಸಿ, ಸಮ ಮಾಡಿಕೊಂಡರು. ಬಳಿಕ ಮೂವತ್ತಾರು ಹೋಲ್‌ಗಳ ಪ್ಲೇ–ಆಫ್‌ನಲ್ಲಿ ಟೇಲರ್ ಅವರನ್ನು ನಾಲ್ಕು ಹೊಡೆತಗಳಿಂದ ಮಣಿಸಿದರು.

ಎರಡನೇ ಗೆಲುವು ಇನ್ನೊಬ್ಬರ ಕೈ ತಪ್ಪಿದ್ದರಿಂದ ಬಂದದ್ದು. 1898ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ವಿಲ್ಲಿ ಪಾರ್ಕ್ ಜೂನಿಯರ್ ಕೊನೆಯ ಗ್ರೀನ್‌ನ ಮೇಲೆ ಸುಮಾರು ಮೂರು ಅಡಿಯ ಒಂದು ಪಟ್ ಹಾಕಿದ್ದರೆ ಸಮವಾಗುತ್ತಿತ್ತು. ಪಟ್ ಹಾಕುವುದರಲ್ಲಿ ಪಾರ್ಕ್ ಅವರಿಗೆ ಸರಿಸಮರೇ ಇಲ್ಲವೆಂಬ ಖ್ಯಾತಿ. ಚೆಂಡು ಕುಳಿಗೆ ಬೀಳಲಿಲ್ಲ. ವಾರ್ಡನ್ ಒಂದೇ ಹೊಡೆತದಿಂದ ಗೆದ್ದರು. ಸಣ್ಣ ಪಟ್‌ನ ಕ್ರೌರ್ಯವನ್ನು ವಾರ್ಡನ್ ಮೊದಲು ಕಂಡದ್ದು ಹೀಗೆ, ಲಾಭದ ಬದಿಯಲ್ಲಿ ನಿಂತು. ಮರುವರ್ಷ ಸ್ಯಾಂಡ್‌ವಿಚ್‌ನಲ್ಲಿ ಮೂರನೆಯದೂ ಬಂತು.

1900ರಲ್ಲಿ ಕ್ರೀಡಾ ಸಾಮಗ್ರಿಗಳ ಸ್ಪಾಲ್ಡಿಂಗ್ ಕಂಪನಿ ತನ್ನ ‘ವಾರ್ಡನ್ ಫ್ಲೈಯರ್’ ಚೆಂಡಿನ ಪ್ರಚಾರಕ್ಕೆಂದು ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿತು. ಆಟಗಾರನ ಹೆಸರನ್ನು ಸರಕಿಗೆ ಅಂಟಿಸಿ ಮಾರುವ ಪದ್ಧತಿ ನಮಗೀಗ ನಿತ್ಯದ ಸಂಗತಿ. ಆಗ ಅದು ಹೊಸತು. ತಿಂಗಳುಗಟ್ಟಲೆ ರೈಲಿನಲ್ಲಿ ಊರೂರು ಸುತ್ತಿ ಪ್ರದರ್ಶನ ಪಂದ್ಯಗಳನ್ನಾಡಿದರು. ಬೋಸ್ಟನ್‌ನ ದೊಡ್ಡ ಅಂಗಡಿಯೊಂದರೊಳಗೆ ಬಲೆ ಕಟ್ಟಿಸಿಕೊಂಡು ಚೆಂಡು ಹೊಡೆದು ತೋರಿಸಿದರು. ಅಲ್ಲಿ ಅವರನ್ನು ಬೆರಗಿನಿಂದ ನೋಡಿದವರಲ್ಲಿ ಫ್ರಾನ್ಸಿಸ್ ವಿಮೆಟ್ ಎಂಬ ಏಳು ವರ್ಷದ ಹುಡುಗನೂ ಇದ್ದನೆನ್ನುತ್ತಾರೆ. ಆ ಹುಡುಗನ ವಿಷಯ ಮುಂದೆ ಬರುತ್ತದೆ. ಅದೇ ಪ್ರವಾಸದಲ್ಲಿ ಷಿಕಾಗೊ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಅಮೆರಿಕನ್ ಓಪನ್ ಅನ್ನು ಟೇಲರ್ ಅವರಿಗಿಂತ ಎರಡು ಹೊಡೆತ ಕಡಿಮೆಯಲ್ಲಿ ಗೆದ್ದರು. ಕೊನೆಯ ಗ್ರೀನ್‌ನ ಮೇಲೆ ಕುಳಿಯ ಅಂಚಿನಲ್ಲಿದ್ದ ಚೆಂಡನ್ನು ಅಸಡ್ಡೆಯಿಂದ ತಳ್ಳಲು ಹೋಗಿ ಅದಕ್ಕೆ ಕೋಲನ್ನು ತಾಗಿಸದೆಯೇ ಒಂದು ಹೊಡೆತ ಕಳೆದುಕೊಂಡರೆಂದು ವರದಿಯಾಗಿದೆ. ಆಗ ಅದು ನಗೆಯ ಪ್ರಸಂಗ. ಎರಡು ಹೊಡೆತದ ಅಂತರವಿದ್ದಾಗ ನಗಬಹುದು.

ಆಟದ ಸೊಬಗಿನ ಬಗ್ಗೆಯೂ ಒಂದು ಮಾತು. ಎರಡೂ ಕೈಗಳ ಬೆರಳನ್ನು ಒಂದರ ಮೇಲೊಂದು ಹೊಂದಿಸಿ ಕೋಲು ಹಿಡಿಯುವ ಕ್ರಮಕ್ಕೆ ಜಗತ್ತಿನ ಗಾಲ್ಫ್ ಆಟಗಾರರು ಇಂದಿಗೂ ‘ವಾರ್ಡನ್ ಹಿಡಿತ’ ಎನ್ನುತ್ತಾರೆ. ಅದನ್ನು ಕಂಡುಹಿಡಿದವರು ಅವರಲ್ಲ. ಸ್ಕಾಟ್ಲೆಂಡ್‌ನ ಹವ್ಯಾಸಿ ಜಾನಿ ಲೇಡ್ಲೆ ಮೊದಲೇ ಹಾಗೆ ಹಿಡಿಯುತ್ತಿದ್ದರು. ಅದನ್ನು ಮನೆಮಾತಾಗಿಸಿದವರು ವಾರ್ಡನ್. ಬಲ ಹಾಕಿದಂತೆ ಕಾಣದೆ, ಅವಸರವಿಲ್ಲದೆ, ಚೆಂಡನ್ನು ಎತ್ತರಕ್ಕೆ ಎತ್ತಿ ಬೇಕಾದ ಜಾಗದಲ್ಲಿ ಮೆಲ್ಲಗೆ ಇಳಿಸುತ್ತಿದ್ದರು. ಬೆಳಿಗ್ಗೆ ಆಡಿದ ಮೈದಾನದಲ್ಲೇ ಮಧ್ಯಾಹ್ನ ಆಡಿದರೆ ಬೆಳಗಿನ ಹೊಡೆತಗಳಿಂದ ಹುಲ್ಲಿನಲ್ಲಿ ಎದ್ದ ಗುರುತಿಗೇ ಚೆಂಡು ಮತ್ತೆ ಹೋಗಿ ಬೀಳುತ್ತಿತ್ತೆಂಬ ಕಥೆ ಹುಟ್ಟಿಕೊಂಡಿತು. ದಂತಕಥೆಯೇ ಇರಬೇಕು. ಆದರೆ ಎಂಥ ಆಟಗಾರನ ಸುತ್ತ ಎಂಥ ದಂತಕಥೆ ಬೆಳೆಯುತ್ತದೆ ಎಂಬುದೂ ಒಂದು ಸಾಕ್ಷ್ಯವೇ.

1903ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ನಾಲ್ಕನೇ ಬಾರಿ ಗೆದ್ದಾಗ ಎರಡನೇ ಸ್ಥಾನದಲ್ಲಿದ್ದವರು ತಮ್ಮ ಟಾಮ್. ಆರು ಹೊಡೆತಗಳ ಅಂತರದ ಆ ಗೆಲುವನ್ನು ಸಂಭ್ರಮಿಸುವ ಸ್ಥಿತಿಯಲ್ಲಿ ಅಣ್ಣ ಇರಲಿಲ್ಲ. ಆಡುತ್ತಿದ್ದಾಗಲೇ ತಲೆಸುತ್ತಿ ಬೀಳುವಂತಾಗಿತ್ತು. ಅದು ಕ್ಷಯ. ಅಂದು ಆ ಕಾಯಿಲೆಗೆ ಮದ್ದಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ ಇಷ್ಟೇ ಚಿಕಿತ್ಸೆ. ನಾರ್ಫೋಕ್‌ನ ಮಂಡ್ಸ್‌ಲಿಯಲ್ಲಿದ್ದ ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ವಾರ್ಡನ್ ತಿಂಗಳುಗಳನ್ನು ಕಳೆದರು. ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಪತ್ನಿ ಜೆಸ್ಸಿಯೊಂದಿಗಿನ ದಾಂಪತ್ಯದ ಆರಂಭದಲ್ಲೇ ಹುಟ್ಟಿದ ಮಗು ಕೆಲವೇ ವಾರ ಬದುಕಿತ್ತು; ಆ ಮೌನ ಮನೆಯಿಂದ ಮುಂದೆಂದೂ ಪೂರ್ತಿ ಹೊರಹೋಗಲಿಲ್ಲ.

ಆರೋಗ್ಯಧಾಮದಿಂದ ಹಿಂತಿರುಗಿದ ವಾರ್ಡನ್ ಲಂಡನ್ ಉತ್ತರದ ಟಾಟರಿಜ್‌ನಲ್ಲಿರುವ ಸೌತ್ ಹರ್ಟ್ಸ್ ಕ್ಲಬ್‌ನಲ್ಲಿ ಮತ್ತೆ ಆಟ ಆರಂಭಿಸಿದರು. ದೂರದ ಹೊಡೆತಗಳು ಹಿಂದಿನಂತೆಯೇ ಇದ್ದವು. ಆದರೆ ಸಣ್ಣ ಪಟ್‌ಗೆ ನಿಂತರೆ ಬಲಗೈ ಇದ್ದಕ್ಕಿದ್ದಂತೆ ಎಗರುತ್ತಿತ್ತು. ದೂರದ ಪಟ್‌ಗೆ ಈ ತೊಂದರೆಯಿರಲಿಲ್ಲ. ಮಗುವೂ ಹಾಕಬಹುದಾದ ಅಂತರ ಬಂದಾಗ ಮಾತ್ರ ಕೈ ಮಾತು ಕೇಳುತ್ತಿರಲಿಲ್ಲ. ತಮ್ಮ ಬರಹಗಳಲ್ಲಿ ಅವರು ಇದನ್ನು ಬಚ್ಚಿಡಲಿಲ್ಲ. ಕೋಲನ್ನು ಹಿಂದೆ ಒಯ್ಯುವ ಕ್ಷಣದಲ್ಲಿ ಕೈ ಈಗ ಬೆಚ್ಚಲಿದೆ ಎಂದು ಮೊದಲೇ ಗೊತ್ತಾಗುತ್ತಿತ್ತು, ಗೊತ್ತಾದ ಮೇಲೆ ತಡೆಯಲಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ವಿವರಿಸಿದ್ದಾರೆ.

ಇಂಥ ಬೆಚ್ಚುವಿಕೆಗೆ ನಂತರದ ದಿನಗಳಲ್ಲಿ ಗಾಲ್ಫ್ ಜಗತ್ತು ‘ಯಿಪ್ಸ್’ ಎಂದು ಹೆಸರಿಟ್ಟಿತು. ಇವುಗಳಲ್ಲಿ ಕೆಲವು ಪ್ರಕರಣಗಳು ಹೆದರಿಕೆಯ ಫಲವಲ್ಲ, ವರ್ಷಗಟ್ಟಲೆ ಒಂದೇ ಸೂಕ್ಷ್ಮ ಚಲನೆಯನ್ನು ಮಾಡಿದವರ ಮಿದುಳು–ಸ್ನಾಯು ಸಂಬಂಧದಲ್ಲಿ ತಲೆದೋರುವ ದೋಷ ಎಂದು ಇಂದಿನ ನರವಿಜ್ಞಾನ ಭಾವಿಸುತ್ತದೆ. ಬರಹಗಾರರ ಬೆರಳು ಸೆಟೆದುಕೊಳ್ಳುವುದು, ವಾದ್ಯಗಾರರ ಬೆರಳು ತನ್ನಷ್ಟಕ್ಕೆ ಮಡಿಚಿಕೊಳ್ಳುವುದು ಇದೇ ಜಾತಿಯವು. ವಾರ್ಡನ್ ಅವರದು ಕ್ಷಯ ಬಿಟ್ಟುಹೋದ ಕುರುಹೋ, ಮನಸ್ಸಿನ ಅಂಜಿಕೆಯೋ, ನರದ ದೋಷವೋ ಎಂದು ನೂರು ವರ್ಷದ ನಂತರ ತೀರ್ಮಾನಿಸುವುದು ಸಾಧ್ಯವಿಲ್ಲ. ಆದರೆ ಕೊನೆಯ ಕ್ಷಣದಲ್ಲಿ ಕುಸಿದವನನ್ನು ಕಂಡೊಡನೆ ಗುಂಡಿಗೆ ಸಾಲದವನೆಂದು ಷರಾ ಬರೆದುಬಿಡುವ ನಮ್ಮ ಅಭ್ಯಾಸ, ಕ್ರಿಕೆಟ್ ನೋಡುವಾಗ ನಾವೆಲ್ಲರೂ ಮಾಡುವಂಥದ್ದು, ಎಷ್ಟು ಅವಸರದ್ದೆಂದು ಈ ಒಂದು ಕೈ ಸಾಕಷ್ಟು ಹೇಳುತ್ತದೆ. ಈ ಬಲಗೈಯನ್ನು ಇಟ್ಟುಕೊಂಡೇ ಅವರು ಇನ್ನೂ ಎರಡು ಬ್ರಿಟಿಷ್ ಓಪನ್ ಗೆದ್ದರು.

ಐದನೆಯದು 1911ರಲ್ಲಿ, ಫ್ರಾನ್ಸ್‌ನ ಆರ್ನೋ ಮಸ್ಸಿ ವಿರುದ್ಧ ಪ್ಲೇ–ಆಫ್‌ನಲ್ಲಿ. ಎರಡು ವರ್ಷದ ನಂತರ ಟೈಮ್ಸ್ ಪತ್ರಿಕೆಯ ಒಡೆಯ ಲಾರ್ಡ್ ನಾರ್ತ್‌ಕ್ಲಿಫ್ ಅವರ ಬೆಂಬಲದೊಂದಿಗೆ ವಾರ್ಡನ್ ಮತ್ತೆ ಅಮೆರಿಕಕ್ಕೆ ಹೊರಟರು. ಜೊತೆಯಲ್ಲಿ ಟೆಡ್ ರೇ. ಇವರೂ ಜರ್ಸಿಯವರೇ, ಏಳು ವರ್ಷ ಕಿರಿಯರು, ವಾರ್ಡನ್ ಬಿಟ್ಟುಬಂದ ಗ್ಯಾಂಟನ್ ಕ್ಲಬ್‌ನ ಹುದ್ದೆಗೆ ಬಂದವರು. ವಾರ್ಡನ್ ಎಷ್ಟು ನಾಜೂಕೋ ರೇ ಅಷ್ಟೇ ಒರಟು: ದೈತ್ಯ ದೇಹ, ಬಾಯಲ್ಲಿ ಪೈಪ್, ಮೈಮುರಿದು ಹೊಡೆಯುವ ರೀತಿ.

1913ರ ಸೆಪ್ಟೆಂಬರ್‌ನಲ್ಲಿ ಬೋಸ್ಟನ್ ಬಳಿಯ ಬ್ರೂಕ್‌ಲೈನ್‌ನಲ್ಲಿ ಅಮೆರಿಕನ್ ಓಪನ್ ನಡೆದಾಗ ಇವರಿಬ್ಬರಲ್ಲಿ ಒಬ್ಬರು ಗೆಲ್ಲುತ್ತಾರೆಂಬುದೇ ಎಲ್ಲರ ಎಣಿಕೆ. ಇಬ್ಬರೂ 304ರಲ್ಲಿ ಮುಗಿಸಿದರು. ಆಗ ಮಳೆಯಲ್ಲಿ ತೊಯ್ದ ಮೈದಾನದಲ್ಲಿ, ಅಂಗಡಿಯಲ್ಲಿ ವಾರ್ಡನ್ ಅವರನ್ನು ಕಂಡಿದ್ದ ಆ ಹುಡುಗ ವಿಮೆಟ್, ಈಗ ಇಪ್ಪತ್ತರ ತರುಣ, ಹವ್ಯಾಸಿ ಆಟಗಾರ, ಕೊನೆಯ ಹೋಲ್‌ಗಳಲ್ಲಿ ಅಸಾಧಾರಣವಾಗಿ ಆಡಿ 304ಕ್ಕೇ ಬಂದು ನಿಂತ. ಅವನ ಮನೆ ಇದ್ದದ್ದು ಮೈದಾನದೆದುರು, ರಸ್ತೆಯ ಆಚೆ ಬದಿಗೆ. ಅದೇ ಕ್ಲಬ್‌ನಲ್ಲಿ ಕ್ಯಾಡಿಯಾಗಿ ಬೆಳೆದವನು. ಅವನ ಚೀಲ ಹೊತ್ತಿದ್ದ ಎಡ್ಡಿ ಲೌರಿ ಎಂಬ ಪೋರನಿಗೆ ಹತ್ತೇ ವರ್ಷ.

ಮರುದಿನದ ಪ್ಲೇ–ಆಫ್‌ನಲ್ಲಿ ಮೊದಲ ಒಂಬತ್ತು ಹೋಲ್‌ಗಳಿಗೆ ಮೂವರದೂ 38. ಹತ್ತರಲ್ಲಿ ತರುಣ ಮುಂದೆ ಹೋದ. ಹದಿನೈದರಲ್ಲಿ ರೇ ಸ್ಪರ್ಧೆಯಿಂದ ಹೊರಬಿದ್ದಂತಾಯಿತು. ಹದಿನೇಳಕ್ಕೆ ಬಂದಾಗ ವಾರ್ಡನ್ ಒಂದೇ ಹೊಡೆತ ಹಿಂದೆ. ಮ್ಯೂರ್‌ಫೀಲ್ಡ್‌ನಲ್ಲಿ ಗುಂಡಿಯ ಈಚೆ ಆಡಿದ್ದ ಮನುಷ್ಯ ಈ ಬಾರಿ ತಾಳ್ಮೆ ಕಳೆದುಕೊಂಡರು ಎನ್ನಬೇಕೇ? ಒಂದು ಹಿಂದಿರುವವನಿಗೆ ಸಾಹಸವೇ ವಿವೇಕವೆಂದು ಕಂಡಿರಲೂಬಹುದು. ಎಡಕ್ಕೆ ತಿರುಗುವ ಆ ಹೋಲ್‌ನ ತಿರುವನ್ನು ಕತ್ತರಿಸಿ ಹೊಡೆಯಲು ಹೋದರು. ಚೆಂಡು ತಿರುವಿನ ಬಂಕರ್‌ಗೆ ಬಿತ್ತು. ಅವರು ಐದರಲ್ಲಿ ಮುಗಿಸಿದರು, ವಿಮೆಟ್ ಮೂರರಲ್ಲಿ. ಕೊನೆಯಲ್ಲಿ ವಿಮೆಟ್ 72, ವಾರ್ಡನ್ 77, ರೇ 78. ಆ ಬಂಕರ್‌ಗೆ ಮುಂದೆ ವಾರ್ಡನ್ ಹೆಸರೇ ಅಂಟಿಕೊಂಡಿತು. ಅಮೆರಿಕದಲ್ಲಿ ಗಾಲ್ಫ್ ಸಾಮಾನ್ಯರ ಆಟವಾಗಲು ಆ ದಿನವೇ ನಾಂದಿ ಎಂದು ಇತಿಹಾಸಕಾರರು ಬರೆಯುತ್ತಾರೆ. ಕ್ಯಾಡಿಯಾಗಿದ್ದವನೊಬ್ಬ ಕ್ಯಾಡಿಗಳಾಗಿದ್ದ ಇಬ್ಬರನ್ನು ಸೋಲಿಸಿದ್ದ ಎಂಬುದನ್ನು ಅಷ್ಟಾಗಿ ಯಾರೂ ಬರೆಯುವುದಿಲ್ಲ.

ಒಂಬತ್ತು ತಿಂಗಳಿನಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಲೆಕ್ಕ ತಿರುಗಿತು. ವಾರ್ಡನ್, ಟೇಲರ್ ಇಬ್ಬರೂ ಐದೈದು ಬಾರಿ ಓಪನ್ ಗೆದ್ದವರು. ಜೇಮ್ಸ್ ಬ್ರೇಡ್ ಅವರೊಂದಿಗೆ ಸೇರಿ ಮೂವರೂ ‘ಮಹಾತ್ರಯ’ರೆನಿಸಿ, 1894ರಿಂದ 1914ರವರೆಗೆ ಹದಿನಾರು ಓಪನ್‌ಗಳನ್ನು ತಮ್ಮಲ್ಲೇ ಹಂಚಿಕೊಂಡಿದ್ದರು. 1914ರ ಕೊನೆಯ ದಿನ ವಾರ್ಡನ್, ಟೇಲರ್ ಜೊತೆಯಾಗಿ ಆಡಿದರು. ಕೊನೆಯ ಸುತ್ತಿಗೆ ಟೇಲರ್ ಎರಡು ಹೊಡೆತ ಮುಂದಿದ್ದರು. ನಾಲ್ಕನೇ ಹೋಲ್‌ನಲ್ಲಿ ಅವರ ಚೆಂಡು ಹಳ್ಳಕ್ಕೆ ಬಿದ್ದು ಏಳು ಹೊಡೆತ ಬೇಕಾಯಿತು. ಅಲ್ಲಿಂದ ಚೇತರಿಸಿಕೊಳ್ಳಲಾಗದೆ ಸುತ್ತನ್ನು 83ರಲ್ಲಿ ಮುಗಿಸಿದರು. ವಾರ್ಡನ್ 78. ಆರನೇ ಪ್ರಶಸ್ತಿ ಅವರ ಪಾಲಾಯಿತು. ಕೆಲವೇ ವಾರಗಳಲ್ಲಿ ಯುದ್ಧ ಆರಂಭವಾಗಿ ಓಪನ್ ಐದು ವರ್ಷ ನಿಂತುಹೋಯಿತು.

ಯುದ್ಧ ಮುಗಿದ ಮೇಲೆ ವಾರ್ಡನ್, ರೇ ಮತ್ತೆ ಹಡಗು ಹತ್ತಿದರು. 1920ರ ಇನ್‌ವರ್ನೆಸ್‌ನಲ್ಲಿ ಮೊದಲ ಎರಡು ಸುತ್ತುಗಳಲ್ಲಿ ವಾರ್ಡನ್ ಜೊತೆಗಾರನಾಗಿ ಸಿಕ್ಕವನು ಹದಿನೆಂಟರ ಬಾಬಿ ಜೋನ್ಸ್, ಮುಂದೆ ಜಗದ್ವಿಖ್ಯಾತನಾದವನು. ಸುಲಭದ ಚಿಕ್ಕ ಹೊಡೆತವೊಂದನ್ನು ಹುಡುಗ ಅಡ್ಡಾದಿಡ್ಡಿಯಾಗಿ ಹೊಡೆದು, ನಾಚಿಕೆ ಮರೆಸಲು, ಇದಕ್ಕಿಂತ ಕೆಟ್ಟ ಹೊಡೆತವನ್ನು ಎಂದಾದರೂ ಕಂಡಿದ್ದೀರಾ ಎಂಬಂತೆ ಕೇಳಿದನಂತೆ. ಇಲ್ಲವೆಂದಷ್ಟೇ ಹೇಳಿ ವಾರ್ಡನ್ ಮುಂದೆ ನಡೆದರಂತೆ. ಮೈದಾನದಲ್ಲಿ ಅವರು ಮಾತಿನ ಜಿಪುಣ.

ಈಗ ಆ ಬಿರುಗಾಳಿಗೆ ಮರಳೋಣ. ಹನ್ನೆರಡನೆಯದು ಐನೂರು ಗಜಕ್ಕೂ ಮೀರಿದ ಹೋಲ್. ಗಾಳಿ ನೇರ ಎದುರಿನಿಂದ. ಮೂರು ಹೊಡೆತಕ್ಕೂ ಚೆಂಡು ಗ್ರೀನ್ ತಲುಪಲಿಲ್ಲ, ಆರು ಬೇಕಾಯಿತು. ಆ ದಿನ ಬೆಳಗಿನಿಂದ ಅದು ಅವರ ಎರಡನೇ ಸುತ್ತು, ವಯಸ್ಸು ಐವತ್ತು, ಕ್ಷಯ ತಿಂದು ಬಿಟ್ಟ ಶ್ವಾಸಕೋಶ. ಹದಿಮೂರರಲ್ಲಿ ಎರಡಡಿಯ ಪಟ್ ತಪ್ಪಿತು. ಹಳೆಯ ಶತ್ರು ಬಲಗೈಯೊಳಗೇ ಕಾದು ಕುಳಿತಿತ್ತು. ಮುಂದಿನ ಗ್ರೀನ್‌ಗಳಲ್ಲೂ ಎರಡರಲ್ಲಿ ಮುಗಿಯಬೇಕಾದ ಕಡೆ ಮೂರು ಪಟ್. ಹದಿನೇಳರಲ್ಲಿ ಗ್ರೀನ್ ಮುಂದಿನ ತೊರೆಯನ್ನು ದಾಟಿಸಲು ಹೊಡೆದ ಚೆಂಡು ನೀರಿಗೇ ಬಿತ್ತು, ಮತ್ತೆ ಆರು. ಹೋಲ್ ಹೋಲ್‌ಗೂ ಅಂತರ ಕರಗುತ್ತ ಹೋಯಿತು. ಒಟ್ಟು 296.

ಟೆಡ್ ರೇ 295. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುತ್ತು ಹೋದದ್ದು ಸ್ವಂತ ಊರಿನ ಗೆಳೆಯನಿಗೆ. ನಲವತ್ತಮೂರರ ರೇ ಅಂದು ಅಮೆರಿಕನ್ ಓಪನ್ ಗೆದ್ದ ಅತಿ ಹಿರಿಯ ಆಟಗಾರರಾದರು. 1986ರವರೆಗೆ ಆ ದಾಖಲೆ ಉಳಿಯಿತು. ವಾರ್ಡನ್ ಇತರ ಮೂವರೊಂದಿಗೆ ಎರಡನೇ ಸ್ಥಾನ ಹಂಚಿಕೊಂಡರು. ಆ ಏಳು ಹೋಲ್‌ಗಳಲ್ಲಿ ಒಂದೇ ಒಂದು ಪಟ್ ಹೆಚ್ಚು ಬಿದ್ದಿದ್ದರೂ ಪ್ಲೇ–ಆಫ್ ಸಿಗುತ್ತಿತ್ತು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಆಟ ಇದೇ: ಐವತ್ತರಲ್ಲಿ, ಆ ದೇಹದಲ್ಲಿ, ಅಷ್ಟು ದೂರ ಮುಂದೆ ಬಂದು ನಿಂತದ್ದು.

ಆ ಟೂರ್ನಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಇನ್‌ವರ್ನೆಸ್ ಕ್ಲಬ್ ತನ್ನ ಕಟ್ಟಡದ ಬಾಗಿಲನ್ನು ವೃತ್ತಿಪರ ಆಟಗಾರರಿಗೆ ತೆರೆಯಿತು. ಅಮೆರಿಕನ್ ಓಪನ್‌ನಲ್ಲಿ ಹಾಗಾದದ್ದು ಅದೇ ಮೊದಲು. ಕೃತಜ್ಞತೆಯಾಗಿ ಆಟಗಾರರು, ವಾಲ್ಟರ್ ಹೇಗನ್ ಮುಂದಾಳತ್ವದಲ್ಲಿ, ಹಣ ಕೂಡಿಸಿ ಕ್ಲಬ್‌ಗೆ ಆಳೆತ್ತರದ ಗಡಿಯಾರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಮಾಲಿಯ ಮಗ ಮುಂಬಾಗಿಲಿನಿಂದ ಒಳಗೆ ಹೋಗುವಷ್ಟರಲ್ಲಿ ಅವರ ಅತ್ಯುತ್ತಮ ವರ್ಷಗಳು ಮುಗಿದಿದ್ದವು.

ವಾರ್ಡನ್ ಟಾಟರಿಜ್‌ಗೆ ಹಿಂತಿರುಗಿದರು. ಸದಸ್ಯರಿಗೆ ಕಲಿಸಿದರು, ಹೊಸ ಮೈದಾನಗಳ ವಿನ್ಯಾಸ ಮಾಡಿದರು, 1933ರಲ್ಲಿ ಆತ್ಮಕಥೆ ಪ್ರಕಟಿಸಿದರು. ಆರೋಗ್ಯ ಇಳಿಯುತ್ತ ಹೋದರೂ ಸೌತ್ ಹರ್ಟ್ಸ್‌ನ ಹುದ್ದೆಯನ್ನು ಕೊನೆಯವರೆಗೆ ಬಿಡಲಿಲ್ಲ. 1937ರ ಮಾರ್ಚ್ 20ರಂದು ತೀರಿಕೊಂಡರು. ಅಲ್ಲಿಯ ಸೇಂಟ್ ಆಂಡ್ರ್ಯೂ ಚರ್ಚಿನ ಆವರಣದಲ್ಲಿ ಮಣ್ಣಾದರು. ಅದೇ ವರ್ಷ ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘ ಅವರ ಹೆಸರಿನಲ್ಲಿ ಟ್ರೋಫಿಯೊಂದನ್ನು ಸ್ಥಾಪಿಸಿತು. 1947ರಿಂದ ಅದನ್ನು ಕೊಡುತ್ತಿರುವುದು ಇಡೀ ವರ್ಷದ ಆಟದಲ್ಲಿ ಸುತ್ತೊಂದಕ್ಕೆ ಅತಿ ಕಡಿಮೆ ಸರಾಸರಿ ಹೊಡೆತಗಳನ್ನು ದಾಖಲಿಸಿದವರಿಗೆ.